ಮುದ್ದೆ, ಬಿಸಿಲು, ಅಮ್ಮನ ಸೊಂಟ: ಮೂಳೆ ಬಗ್ಗೆ ನೀವು ಕೇಳಿದ್ದು

ಹೋದ ಸಲ ಮಂಡಿ ನೋವಿನ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮೂಳೆ ಟೊಳ್ಳಾಗುವ ಬಗ್ಗೆ ಇದ್ದವು. ಎರಡೂ ಒಂದೇ ಅಂದುಕೊಂಡವರೂ ಇದ್ದಾರೆ. ಒಂದೇ ಅಲ್ಲ. ಮಂಡಿ ಸವೆಯುವುದು ಕೀಲಿನ ಕಾಯಿಲೆ, ಮೆಟ್ಟಿಲು ಹತ್ತಿದರೆ ಗೊತ್ತಾಗುತ್ತದೆ. ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಮಾತ್ರ ಮುರಿಯುವ ತನಕ ಸದ್ದೇ ಮಾಡುವುದಿಲ್ಲ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಊರಿನ ಹೆಸರಷ್ಟೇ ಹಾಕಿದ್ದೇನೆ.

ಡಾಕ್ಟ್ರೇ, ನನಗೆ 52. ಮುಟ್ಟು ನಿಂತು ಮೂರು ವರ್ಷ. ಅಮ್ಮ 71ನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ದೊಡ್ಡಮ್ಮನ ಬೆನ್ನು ಗೂನಾಗಿದೆ. ಹೆದರಿ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆ, ಬೆನ್ನುಮೂಳೆಯಲ್ಲಿ ಟಿ ಸ್ಕೋರ್ ಮೈನಸ್ 2.1 ಬಂದಿದೆ. ಮನೆತನದಲ್ಲೇ ಇದ್ದ ಮೇಲೆ ಏನು ಮಾಡಿದರೂ ಅಷ್ಟೇ ಅಂತ ಅಕ್ಕ ಹೇಳ್ತಾಳೆ. ನನಗಿಂತ ನನ್ನ 24 ವರ್ಷದ ಮಗಳ ಚಿಂತೆ ಜಾಸ್ತಿ. (ಹಾಸನ)

ನಿಮ್ಮ ಅಕ್ಕ ಹೇಳುವುದು ಅರ್ಧ ಸರಿ. ಒಬ್ಬರ ಮೂಳೆಗೂ ಇನ್ನೊಬ್ಬರ ಮೂಳೆಗೂ ಇರುವ ಸಾಂದ್ರತೆಯ ವ್ಯತ್ಯಾಸದಲ್ಲಿ ಶೇಕಡಾ 60ರಿಂದ 80ರಷ್ಟು ವಂಶದಿಂದ ಬಂದದ್ದು ಅಂತ ಅವಳಿ ಮಕ್ಕಳ ಮೇಲೆ, ಕುಟುಂಬಗಳ ಮೇಲೆ ನಡೆದ ಅಧ್ಯಯನಗಳು ಹೇಳುತ್ತವೆ. ಆದರೆ ಇದನ್ನು ಓದಿ "ಹಾಗಾದ್ರೆ ನನ್ನ ಕೈಲಿರೋದು ಬರೀ 20" ಅಂತ ಲೆಕ್ಕ ಹಾಕಬೇಡಿ. ಅದು ಜನರ ನಡುವಿನ ವ್ಯತ್ಯಾಸದ ಲೆಕ್ಕ, ನಿಮ್ಮೊಬ್ಬರ ಮೂಳೆಯ ಲೆಕ್ಕವಲ್ಲ. ಅದೂ ಅಲ್ಲದೆ ಯೌವನದಲ್ಲಿ ಮೂಳೆ ಎಷ್ಟು ತುಂಬಿತು ಅನ್ನುವಲ್ಲಿ ವಂಶದ ಕೈ ದೊಡ್ಡದು. ಎಪ್ಪತ್ತರ ಮೇಲೆ ಯಾರ ಸೊಂಟ ಮುರಿಯುತ್ತದೆ ಅನ್ನುವಲ್ಲಿ ಅದು ಚಿಕ್ಕದಾಗುತ್ತಾ ಹೋಗುತ್ತದೆ. ಅಲ್ಲಿ ಕಾಲಿನ ಬಲ, ಕಣ್ಣು, ರಾತ್ರಿ ನುಂಗುವ ನಿದ್ದೆ ಮಾತ್ರೆ, ಬಚ್ಚಲಿನ ಪಾಚಿ ಎಲ್ಲವೂ ಸೇರಿಕೊಳ್ಳುತ್ತವೆ. ನಿಮ್ಮ ಅಮ್ಮನ ಮೂಳೆ ಮೊದಲೇ ಟೊಳ್ಳಾಗಿತ್ತು, ನಿಜ. ಆದರೆ ಅವರು ಜಾರಿದ್ದು ಬಚ್ಚಲಿನ ನೆಲದ ಮೇಲೆ, ಅಲ್ವಾ?

"ಮೂಳೆಯ ಜೀನ್" ಅಂತ ಒಂದೇ ಒಂದು ಇಲ್ಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನಲ್ಲಿರುವ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂಳೆ ಸಾಂದ್ರತೆಗೆ ಸಂಬಂಧಪಟ್ಟ 500ಕ್ಕೂ ಹೆಚ್ಚು ಜಾಗಗಳು ಡಿಎನ್‌ಎಯಲ್ಲಿ ಸಿಕ್ಕವು. ಒಂದೊಂದರ ಪ್ರಭಾವ ಚಿಟಿಕೆಯಷ್ಟು. ಆದ್ದರಿಂದ ಎಂಜಲು ಕಳಿಸಿ ಸಾವಿರಾರು ರೂಪಾಯಿ ಕೊಟ್ಟು ಜೀನ್ ಪರೀಕ್ಷೆ ಮಾಡಿಸುವುದು ಸುಮ್ನೆ ದುಡ್ಡು ದಂಡ. ನಿಮ್ಮ ಅಮ್ಮನ ಕಥೆಯೇ ಅದಕ್ಕಿಂತ ಒಳ್ಳೆಯ ಪರೀಕ್ಷೆ. ಅಪರೂಪಕ್ಕೆ ಒಂದೇ ಜೀನ್ ಬದಲಾಗಿ ಎಲ್ಲ ತಲೆಕೆಳಗಾಗುವುದೂ ಉಂಟು. ಎಲ್‌ಆರ್‌ಪಿ5 ಅನ್ನುವ ಜೀನ್ ಒಂದು ಬಗೆಯಲ್ಲಿ ಬದಲಾದ ಅಮೆರಿಕದ ಒಂದು ಕುಟುಂಬದವರ ಮೂಳೆ ವಿಪರೀತ ಗಟ್ಟಿಯಾಗಿತ್ತು, ಯೇಲ್ ವಿಶ್ವವಿದ್ಯಾಲಯದವರು ಅದನ್ನು 2002ರಲ್ಲಿ ವರದಿ ಮಾಡಿದರು. ಅದೇ ಜೀನ್ ಕೆಲಸ ಮಾಡುವುದನ್ನೇ ನಿಲ್ಲಿಸಿದರೆ ಮಕ್ಕಳಲ್ಲೇ ಮೂಳೆ ಪುಡಿಯಾಗುತ್ತದೆ, ಕಣ್ಣೂ ಹೋಗುತ್ತದೆ. ಇಂಥವು ಬೆರಳೆಣಿಕೆಯ ಮನೆಗಳ ಕಥೆ. ನಿಮ್ಮದು ಆ ಬಗೆಯದಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಟಿ ಸ್ಕೋರ್ ಅಂದರೆ ನಿಮ್ಮ ಮೂಳೆಯನ್ನು ಯೌವನದಲ್ಲಿರುವವರ ಮೂಳೆಯ ಜೊತೆ ಹೋಲಿಸಿದ ಅಂಕಿ. ಮೈನಸ್ 1ರ ತನಕ ಸರಿ. ಅಲ್ಲಿಂದ ಮೈನಸ್ 2.5ರ ತನಕ ನಡುವಿನ ಹಂತ, 2.5 ಮತ್ತು ಅದರಿಂದ ಕೆಳಗೆ ಆಸ್ಟಿಯೊಪೊರೋಸಿಸ್. ನೀವು ನಡುವೆ ಇದ್ದೀರಿ. ಆದರೆ ತಾಯಿಗೆ ಸೊಂಟ ಮುರಿದಿದ್ದರೆ ಸ್ಕೋರ್ ಎಷ್ಟೇ ಇರಲಿ, ಅಪಾಯ ಒಂದಷ್ಟು ಜಾಸ್ತಿಯೇ. ಅದಕ್ಕೇ ಮುಂದೆ ಮೂಳೆ ಮುರಿಯುವ ಸಾಧ್ಯತೆ ಎಷ್ಟು ಅಂತ ಹೇಳುವ ಫ್ರ್ಯಾಕ್ಸ್ ಅನ್ನುವ ಲೆಕ್ಕದಲ್ಲಿ ಅಪ್ಪ ಅಮ್ಮನ ಸೊಂಟದ ಬಗ್ಗೆ ಒಂದು ಪ್ರಶ್ನೆಯೇ ಇದೆ. ನಮ್ಮ ದೇಶದವರಿಗೆ ಅಂತಲೇ ಬೇರೆ ಲೆಕ್ಕ ಇದೆ, ನಿಮ್ಮ ಡಾಕ್ಟರ ಹತ್ರ ಅದನ್ನು ಹಾಕಿಸಿ. ಥೈರಾಯ್ಡ್, ಕ್ಯಾಲ್ಸಿಯಂ, ವಿಟಮಿನ್ ಡಿ ರಕ್ತ ಪರೀಕ್ಷೆಯೂ ಆಗಲಿ. ಮುಟ್ಟು ನಿಂತ ಮೇಲಿನ ಮೊದಲ ಐದರಿಂದ ಏಳು ವರ್ಷ ಮೂಳೆ ಅತಿ ವೇಗವಾಗಿ ಕರಗುವ ಕಾಲ, ಕೆಲವರಲ್ಲಿ ಶೇಕಡಾ 20ರಷ್ಟು ಹೋಗುತ್ತದೆ. ನೀವು ಸರಿಯಾಗಿ ಆ ಹೊಳೆಯ ನಡುವೆ ಇದ್ದೀರಿ. ಹಾಗಾಗಿ "ಇನ್ನೂ ಕಾಯಿಲೆ ಅಲ್ಲವಲ್ಲ, ಐದು ವರ್ಷ ಬಿಟ್ಟು ನೋಡೋಣ" ಅನ್ನುವ ಸಲಹೆಗೆ ನಾನು ಒಪ್ಪುವುದಿಲ್ಲ. ತೂಕ ಎತ್ತುವ ವ್ಯಾಯಾಮ ಈಗಲೇ ಶುರು ಮಾಡಿ, ಅದರ ವಿವರ ಕೆಳಗೆ ಧಾರವಾಡದವರ ಪತ್ರದಲ್ಲಿದೆ.

ಮಗಳಿಗೆ ಈಗ ಸ್ಕ್ಯಾನ್ ಬೇಡ. ಅವಳ ಮೂಳೆಗೆ ಇನ್ನೂ ಕೆಲವು ವರ್ಷ ತುಂಬಿಕೊಳ್ಳುವ ಅವಕಾಶ ಇದೆ. ಒಂದು ವಿಷಯ ಮಾತ್ರ ಕೇಳಿ ನೋಡಿ: ಮುಟ್ಟು ಸರಿಯಾಗಿ ಆಗ್ತಿದೆಯಾ? ತೆಳ್ಳಗಾಗಬೇಕು ಅಂತ ಊಟ ಬಿಟ್ಟು, ತಿಂಗಳುಗಟ್ಟಲೆ ಮುಟ್ಟು ನಿಂತುಹೋದ ಹುಡುಗಿಯರ ಮೂಳೆ ಇಪ್ಪತ್ತೈದಕ್ಕೇ ಅಜ್ಜಿಯರ ಮೂಳೆಯಂತಾಗಿರುತ್ತದೆ. ಅಂಥದ್ದೇನಾದರೂ ಇದ್ದರೆ ತಡ ಮಾಡದೆ ತೋರಿಸಿ.

ನಾವು ಮಂಡ್ಯದ ಕಡೆಯವರು. ಎರಡು ಹೊತ್ತು ಮುದ್ದೆ ಆಗಲೇಬೇಕು. ಮಗ ಯಾರೋ ಡಯಟೀಷಿಯನ್ ಮಾತು ಕೇಳ್ಕೊಂಡು ದಿನಾ ಹಾಲು, ಬಾದಾಮಿ, ಪನೀರ್ ತಿನ್ನಬೇಕು ಅಂತಾನೆ. ರಾಗಿ ತಿಂದವ ನಿರೋಗಿ ಅಂತಾರಲ್ಲ, ಅದು ಸಾಲದಾ? (ಮದ್ದೂರು)

ಮುದ್ದೆ ಬಿಡಬೇಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ಅಕ್ಕಿಯಲ್ಲಿ 10ರ ಆಸುಪಾಸು, ಜೋಳದಲ್ಲಿ 30ರೊಳಗೆ. ಮುಷ್ಟಿ ತುಂಬುವ ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಹಿಡಿಯುತ್ತದೆ ಅಂದುಕೊಂಡರೆ ಎರಡು ಹೊತ್ತಿಗೆ 600ರ ಆಸುಪಾಸು ಆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಅಂದಿತು, ಮುಟ್ಟು ನಿಂತ ಹೆಂಗಸರಿಗೆ 1200. ಅದಕ್ಕೆ ಮುಂಚೆ 600 ಸಾಕು ಅನ್ನುತ್ತಿತ್ತು. ಹಳೆಯ ಲೆಕ್ಕದಲ್ಲಾದರೆ ನೀವು ಮುದ್ದೆಯಲ್ಲೇ ಪಾಸು.

ಆದರೆ ಒಂದು ತೊಡಕಿದೆ. ರಾಗಿಯಲ್ಲಿ ಫೈಟೇಟ್ ಅನ್ನುವ ಅಂಶವೂ ಇದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಕರುಳು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ರಾಗಿ ನೆನೆಸಿ ಮೊಳಕೆ ಕಟ್ಟಿಸಿದರೆ ಫೈಟೇಟ್ ಇಳಿಯುತ್ತದೆ. ಮಗುವಿಗೆ ಅಂತ ಅಜ್ಜಿಯಂದಿರು ರಾಗಿಯನ್ನು ತೇವದ ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ರಾಗಿ ಸರಿ ಮಾಡುತ್ತಿದ್ದರಲ್ಲ, ಅದರಲ್ಲಿ ಈ ಲಾಭ ಇತ್ತು. ಮುದ್ದೆಯ ಹಿಟ್ಟಿಗೆ ದಿನಾ ಇಷ್ಟೆಲ್ಲ ಮಾಡಿ ಅಂತ ನಾನು ಹೇಳುವುದಿಲ್ಲ. ಯಾರಿಗೆ ಪುರುಸೊತ್ತಿದೆ?

ಅದಕ್ಕಿಂತ ಸುಲಭ, ಮುದ್ದೆಯ ಪಕ್ಕ ಏನಿದೆ ನೋಡುವುದು. ನುಗ್ಗೆ ಸೊಪ್ಪು ಚೆನ್ನಾಗಿದೆ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಕಟ್ಟಿಹಾಕಿರುತ್ತದೆ, ಮೈಗೆ ಸೇರುವುದು ಶೇಕಡಾ ಐದರ ಸುತ್ತ ಅಷ್ಟೇ. ಸೊಪ್ಪು ಕಾಳು ಹಾಕಿದ ಬಸ್ಸಾರು ಇದ್ದರೆ ಪ್ರೋಟೀನೂ ಬಂತು. ಮೂಳೆಗೆ ಅದೂ ಬೇಕು. ಸುಣ್ಣದ ಅಂಶ ಕೂರುವುದೇ ಕೊಲಾಜೆನ್ ಅನ್ನುವ ಪ್ರೋಟೀನಿನ ಮೇಲೆ. ಕೊನೆಗೆ ಒಂದು ಬಟ್ಟಲು ಗಟ್ಟಿ ಮೊಸರು. ಒಂದು ಲೋಟ, ಅಂದರೆ 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇರುತ್ತದೆ, ಅದರಲ್ಲಿ ಮೂರನೇ ಒಂದು ಭಾಗದಷ್ಟು ಮೈಗೆ ಹತ್ತುತ್ತದೆ. ಮಗ ಹೇಳುವ ಹಾಲು ತಪ್ಪಲ್ಲ. ಬಾದಾಮಿಗೆ ಮಾತ್ರ ದುಡ್ಡು ಸುರಿಯಬೇಡಿ, ಹತ್ತು ಬಾದಾಮಿಯಲ್ಲಿ ಹೆಚ್ಚೆಂದರೆ 30 ಮಿಲಿಗ್ರಾಂ ಇರುತ್ತದೆ. ಅಂಗಡಿಯ ರಾಗಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದಿ, ಎಷ್ಟೋ ಸಲ ಮೊದಲ ಎರಡು ಹೆಸರು ಮೈದಾ ಮತ್ತು ಸಕ್ಕರೆ.

ಜೋಳದ ರೊಟ್ಟಿಯ ಕಡೆಯವರು, ಅನ್ನ ತಿನ್ನುವ ಕರಾವಳಿಯವರು ಈ ಲೆಕ್ಕ ಇನ್ನೂ ಗಮನಿಸಿ ನೋಡಬೇಕು. ರೊಟ್ಟಿಯಲ್ಲಿ ಸಿಗದ್ದು ಮೊಸರಿನಲ್ಲಿ, ಗುರೆಳ್ಳು ಚಟ್ನಿಪುಡಿಯಲ್ಲಿ ಒಂದಿಷ್ಟು ಸಿಗುತ್ತದೆ. ಬೂತಾಯಿ ಮೀನಿನ ಸಣ್ಣ ಮುಳ್ಳು ಬೆಂದು ಮೆತ್ತಗಾಗಿದ್ದರೆ ಅಗಿದು ತಿನ್ನಿ, ಕ್ಯಾಲ್ಸಿಯಂ ಇರುವುದೇ ಅದರಲ್ಲಿ. ಇನ್ನು ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಜಾಸ್ತಿಯಾದಷ್ಟೂ ಕ್ಯಾಲ್ಸಿಯಂ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಕಾಫಿ ದಿನಕ್ಕೆರಡು ಲೋಟ ಕುಡಿದರೆ ಏನೂ ಆಗಲ್ಲ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ವಯಸ್ಸು 34. ವಿಟಮಿನ್ ಡಿ 11 ಬಂದಿದೆ. ವಾರಕ್ಕೊಂದು 60,000ದ ಪೊಟ್ಟಣ ಬರೆದುಕೊಟ್ಟಿದ್ದಾರೆ. ದಿನಾ ಬೆಳಗ್ಗೆ ಆರೂವರೆಗೆ ವಾಕಿಂಗ್ ಹೋಗ್ತೀನಿ, ಆಫೀಸಲ್ಲೂ ಬಿಸಿಲು ಬೀಳೋ ಕಿಟಕಿ ಪಕ್ಕವೇ ಕೂರ್ತೀನಿ. ಆದ್ರೂ ಯಾಕೆ ಹೀಗೆ? (ಎಚ್‌ಎಸ್‌ಆರ್ ಬಡಾವಣೆ)

ನಿಮ್ಮ ಎರಡು ಬಿಸಿಲೂ ಈ ಕೆಲಸಕ್ಕೆ ಬಾರದವು. ಚರ್ಮದಲ್ಲಿ ವಿಟಮಿನ್ ಡಿ ತಯಾರಾಗಲು ಯುವಿ‑ಬಿ ಕಿರಣ ಬೇಕು. ಬೆಳಗಿನ ಆರೂವರೆಯ ಓರೆ ಬಿಸಿಲಿನಲ್ಲಿ ಅದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಿಟಕಿಯ ಗಾಜು ಅದನ್ನು ತಡೆಯುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತು, ಅಂದರೆ ಹತ್ತೂವರೆ ಹನ್ನೊಂದರಿಂದ ಮೂರರ ಒಳಗೆ, ಕೈಕಾಲು ಮುಖಕ್ಕೆ ಬಿಸಿಲು ಬೀಳಬೇಕು. ನಮ್ಮ ಕಂದು ಚರ್ಮಕ್ಕೆ ಬಿಳಿಯರಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಇಂಥ ಬಿಸಿಲು ಇದೆ. ಅದರಡಿ ನಿಲ್ಲುವವರು ಕಟ್ಟಡ ಕೆಲಸದವರು ಮತ್ತು ಟ್ರಾಫಿಕ್ ಪೊಲೀಸರು ಮಾತ್ರ. ಮಧ್ಯಾಹ್ನದ ಊಟ ಮುಗಿಸಿ ಲಿಫ್ಟ್ ಹತ್ತುವ ಮುಂಚೆ ಅಂಗಿಯ ತೋಳು ಮಡಚಿಕೊಂಡು ಕಟ್ಟಡಕ್ಕೆ ಒಂದು ಸುತ್ತು ಹಾಕಿ.

11 ಅಂದರೆ ಕೊರತೆ. ಬಿಸಿಲಿನಿಂದಲೇ ಬೇಗ ಸರಿಮಾಡುವುದು ಕಷ್ಟ, ಪೊಟ್ಟಣ ತಗೊಳ್ಳಿ. ಆದರೆ ವಾರಕ್ಕೊಂದು ಅಂದರೆ ವಾರಕ್ಕೊಂದೇ. ದಿನಾ ಒಂದರಂತೆ ತಿಂದು ವಾಂತಿ, ಮಲಬದ್ಧತೆ, ಕಿಡ್ನಿ ತೊಂದರೆ ಅಂತ ಆಸ್ಪತ್ರೆ ಸೇರುವವರಿದ್ದಾರೆ. ಸಾಮಾನ್ಯವಾಗಿ ಎಂಟು ವಾರ ಕೊಡುತ್ತಾರೆ, ಆಮೇಲೆ ಡಾಕ್ಟರನ್ನು ಕೇಳಿ. ಡಿ ಸರಿಯಾಗಿ ಇರುವವರು ಇನ್ನಷ್ಟು ನುಂಗಿದರೆ ಮೂಳೆ ಇನ್ನಷ್ಟು ಗಟ್ಟಿಯಾಗುವುದಿಲ್ಲ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ವೈಟಲ್ ಅಧ್ಯಯನದಲ್ಲಿ ದಿನಾ 2000 ಯೂನಿಟ್ ಕೊಟ್ಟು ವರ್ಷಗಟ್ಟಲೆ ನೋಡಿದರು. ಮೂಳೆ ಮುರಿತ ಕಡಿಮೆಯಾಗಲಿಲ್ಲ. 2022ರಲ್ಲಿ ಆ ಫಲಿತಾಂಶ ಬಂತು. ಕೊರತೆ ಇದ್ದವರಿಗೆ ಅದು ಔಷಧಿ, ಇಲ್ಲದವರಿಗೆ ಖರ್ಚು.

ಮಗಳಿಗೆ 12 ತುಂಬಿ 13. ಶಾಲೆ, ಟ್ಯೂಷನ್, ಮೊಬೈಲ್ ಇಷ್ಟೇ. ಆಟಕ್ಕೆ ಹೋಗು ಅಂದ್ರೆ ಕಾಲು ನೋವು ಅಂತಾಳೆ. ಹಾಲಿಗೆ ಬೆರೆಸೋ ಕ್ಯಾಲ್ಸಿಯಂ ಪುಡಿ ಕೊಟ್ರೆ ಸಾಕಾ? (ಮೈಸೂರು)

ಸಾಲದು. ಈ ತಿಂಗಳ ಪತ್ರಗಳಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ, ಯಾಕಂದ್ರೆ ನಿಮ್ಮ ಹತ್ರ ಸಮಯ ಇದೆ, ಆದರೆ ಬಹಳ ಇಲ್ಲ. ಕೆನಡಾದ ಸಾಸ್ಕಾಚೆವಾನ್‌ನಲ್ಲಿ ಮಕ್ಕಳನ್ನು ವರ್ಷ ವರ್ಷ ಅಳೆದು ನೋಡಿದವರು ಹೇಳುವ ಪ್ರಕಾರ, ದೊಡ್ಡವರಾದಾಗ ಇರುವ ಮೂಳೆಯ ಖನಿಜದಲ್ಲಿ ಕಾಲು ಭಾಗ ಬರೀ ಎರಡು ವರ್ಷದಲ್ಲಿ ಸೇರುತ್ತದೆ. ಹುಡುಗಿಯರಿಗೆ ಅದು ಹನ್ನೆರಡೂವರೆಯ ಆಜುಬಾಜು, ಹುಡುಗರಿಗೆ ಹದಿನಾಲ್ಕರ ಸುತ್ತ. ಇಪ್ಪತ್ತರ ಹೊತ್ತಿಗೆ ಹತ್ತಿರ ಹತ್ತಿರ 90 ಭಾಗ ಆಗಿರುತ್ತದೆ, ಮೂವತ್ತರೊಳಗೆ ಮುಗಿಯುತ್ತದೆ. ಕಣಜ ತುಂಬುವ ಸುಗ್ಗಿ ಇದು, ಆಮೇಲೆ ಉಣ್ಣುವುದೆಲ್ಲ ಇದರಿಂದಲೇ.

ವಂಶ, ಊಟ, ವ್ಯಾಯಾಮ ಮೂರನ್ನೂ ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದಕ್ಕೆ ಫಿನ್ಲೆಂಡಿನ ಸಂಶೋಧಕರು ಒಂದು ಜಾಣ ದಾರಿ ಹುಡುಕಿದರು. ಟೆನಿಸ್ ಮತ್ತು ಸ್ಕ್ವಾಷ್ ಆಡುವ ಹೆಂಗಸರ ಎರಡು ತೋಳುಗಳನ್ನು ಸ್ಕ್ಯಾನ್ ಮಾಡಿದರು. ಒಬ್ಬಳೇ ಹುಡುಗಿ, ಒಂದೇ ಜೀನ್, ಒಂದೇ ಊಟ. ರ‍್ಯಾಕೆಟ್ ಹಿಡಿದ ತೋಳಿನ ಮೂಳೆಯಲ್ಲಿ ಖನಿಜ ಜಾಸ್ತಿ ಇತ್ತು. ಮೊದಲ ಮುಟ್ಟಿಗೆ ಮುಂಚೆ ಅಥವಾ ಆ ಹೊತ್ತಿಗೆ ಆಟ ಶುರು ಮಾಡಿದವರಲ್ಲಿ ಎರಡು ತೋಳಿನ ವ್ಯತ್ಯಾಸ, ತಡವಾಗಿ ಶುರು ಮಾಡಿದವರಿಗಿಂತ ಎರಡರಿಂದ ನಾಲ್ಕು ಪಟ್ಟು ದೊಡ್ಡದು. 1995ರಲ್ಲಿ ಬಂದ ಈ ಅಧ್ಯಯನವನ್ನು ನಾನು ಎಲ್ಲ ತಾಯಂದಿರಿಗೂ ಹೇಳುತ್ತೇನೆ. ಒಂದೇ ಹಾಲು ಕುಡಿದ ಎರಡು ತೋಳು ಬೇರೆ ಬೇರೆ ಆಯಿತು ಅಂದರೆ, ಸುಣ್ಣವನ್ನು ಎಲ್ಲಿ ಹಾಕಬೇಕು ಅಂತ ಮೈಗೆ ಹೇಳಿದ್ದು ಹೊಡೆತ.

ಮೂಳೆಯ ಒಳಗಿರುವ ಕೋಶಗಳಿಗೆ ಬಾಗುವಿಕೆ, ಅದುರು ಗೊತ್ತಾಗುತ್ತದೆ. ಅದುರಿದ ಕಡೆ ಕಟ್ಟುತ್ತವೆ, ಸುಮ್ಮನಿರುವ ಕಡೆ ಕೆಡವುತ್ತವೆ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲದೆ ತೇಲುವ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕರಗುತ್ತದೆ. ಈಜು, ಸೈಕಲ್ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅಷ್ಟಕ್ಕಷ್ಟೆ. ಜಿಗಿತ ಬೇಕು. ಕುಂಟೆಬಿಲ್ಲೆ, ಸ್ಕಿಪ್ಪಿಂಗ್, ಕೊಕ್ಕೊ, ಬ್ಯಾಡ್ಮಿಂಟನ್, ಭರತನಾಟ್ಯ ಯಾವುದಾದರೂ ಸರಿ. ಗಂಟೆಗಟ್ಟಲೆ ಬೇಕಿಲ್ಲ. ಕೆನಡಾದ ಕೆಲವು ಶಾಲೆಗಳಲ್ಲಿ ಗಂಟೆ ಹೊಡೆದಾಗ ಮಕ್ಕಳಿಗೆ ಹತ್ತು ಸಲ ಜಿಗಿಯಲು ಹೇಳಿದರು, ದಿನಕ್ಕೆ ಮೂರು ಸಲ. ಅಷ್ಟಕ್ಕೇ ಸೊಂಟದ ಭಾಗದ ಮೂಳೆಯಲ್ಲಿ ಲಾಭ ಕಂಡಿತು. ಟ್ಯೂಷನ್‌ಗೆ ಹೋಗುವ ಮುಂಚೆ, ಬಂದ ಮೇಲೆ, ಮನೆ ಮುಂದೆ ಹಗ್ಗ ಹಿಡಿದು ಜಿಗಿಯೋಕೆ ಎಷ್ಟು ಹೊತ್ತು ಬೇಕು? ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಶಾಲೆಗಳ ಬಗ್ಗೆ ನನಗಿರುವ ಸಿಟ್ಟು ಇಲ್ಲಿ ಬರೆದರೆ ಸಂಪಾದಕರು ಕತ್ತರಿಸುತ್ತಾರೆ.

ಕ್ಯಾಲ್ಸಿಯಂ ಅವಳಿಗೆ ದಿನಕ್ಕೆ 850ರಿಂದ 1000 ಮಿಲಿಗ್ರಾಂ ಬೇಕು, ಅದು ಊಟದಲ್ಲೇ ಆಗಲಿ. ಪುಡಿಗಳಲ್ಲಿ ಎಷ್ಟೋ ಸಲ ಸಕ್ಕರೆಯೇ ಜಾಸ್ತಿ. ಕಾಲು ನೋವನ್ನು ಮಾತ್ರ ನೆಪ ಅಂತ ತಳ್ಳಿಹಾಕಬೇಡಿ. ಈ ವಯಸ್ಸಿನಲ್ಲಿ ಡಿ ಕೊರತೆಯೂ ಹಾಗೆ ನೋಯಿಸುತ್ತದೆ, ಒಮ್ಮೆ ರಕ್ತ ನೋಡಿಸಿ.

ನಾನು ರಿಟೈರ್ಡ್ ಟೀಚರ್ ರೀ, 68 ವರ್ಷ. ದಿನಾ ಮುಂಜಾನೆ ಒಂದ್ ತಾಸು ಸಾಧನಕೇರಿ ಕಡೆ ವಾಕಿಂಗ್, ಆಮ್ಯಾಲ ಯೋಗ. ಆದ್ರೂ ಟಿ ಸ್ಕೋರ್ ಮೈನಸ್ 2.8 ಬಂದದ. ಎಕ್ಸ್‌ರೇದಾಗ ಬೆನ್ನಿನ ಒಂದು ಎಲುಬು ಕುಸಿದದ ಅಂದ್ರು, ನನಗ ಬಿದ್ದ ನೆನಪೇ ಇಲ್ಲ. ಹಳೇ ಲಂಗ ಎಲ್ಲಾ ನೆಲಕ್ಕ ತಾಕಾಕತ್ತಾವ. (ಧಾರವಾಡ)

ಅಕ್ಕೋರೆ, ಲಂಗದ ವಿಷಯ ನೀವೇ ಗಮನಿಸಿದ್ದು ಒಳ್ಳೆಯದಾಯಿತು. ಲಂಗ ಉದ್ದವಾಗಲ್ಲ, ನಾವು ಗಿಡ್ಡ ಆಗ್ತೀವಿ. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಕುಗ್ಗಿದ್ದರೆ ಬೆನ್ನೆಲುಬು ಕುಸಿದಿರಬಹುದು ಅಂತ ಅನುಮಾನ ಪಡಬೇಕು. ಬಿದ್ದೇ ಮುರಿಯಬೇಕು ಅಂತಿಲ್ಲ. ಕೆಮ್ಮಿದಾಗ, ಬಕೆಟ್ ಎತ್ತಿದಾಗ ಕುಸಿದಿರುತ್ತದೆ, ಎಷ್ಟೋ ಜನರಿಗೆ ಗೊತ್ತೂ ಆಗಿರುವುದಿಲ್ಲ.

ಒಂದು ಎಲುಬು ಕುಸಿದ ಮೇಲೆ ಇನ್ನೊಂದರ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ನಿಮಗೆ ಬರೀ ಕ್ಯಾಲ್ಸಿಯಂ ಸಾಲದು, ಔಷಧಿ ಬೇಕು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಕೊಡುವ ಜೋಲೆಡ್ರೊನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್, ಹೀಗೆ ಹಲವು ಇವೆ. ಯಾವುದು ಅನ್ನುವುದು ನಿಮ್ಮ ಕಿಡ್ನಿ, ಹಲ್ಲು, ಹೊಟ್ಟೆ ನೋಡಿ ಡಾಕ್ಟರು ತೀರ್ಮಾನಿಸಬೇಕು. ಅಲೆಂಡ್ರೊನೇಟ್ ಆದರೆ ಬರೀ ಹೊಟ್ಟೆಯಲ್ಲಿ ಒಂದು ಲೋಟ ನೀರಿನ ಜೊತೆ ನುಂಗಿ ಅರ್ಧ ತಾಸು ಮಲಗುವಂತಿಲ್ಲ, ಚಹಾ ಕೂಡ ಆಮೇಲೆಯೇ. ಡೆನೊಸುಮ್ಯಾಬ್ ಶುರು ಮಾಡಿ "ಚೆನ್ನಾಗಿದ್ದೀನಲ್ಲ" ಅಂತ ನೀವಾಗಿ ನಿಲ್ಲಿಸಿದರೆ, ಕಟ್ಟಿದ ಮೂಳೆ ಬೇಗ ಕರಗಿ ಒಟ್ಟೊಟ್ಟಿಗೆ ಎಲುಬು ಕುಸಿದದ್ದಿದೆ. ಇದನ್ನು ರೋಗಿಗೆ ಬಿಡಿಸಿ ಹೇಳದೆ ಸೂಜಿ ಚುಚ್ಚಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಯೋಗದಲ್ಲಿ ಪಶ್ಚಿಮೋತ್ತಾನಾಸನ, ಹಲಾಸನ, ನಿಂತು ಬಗ್ಗಿ ಕಾಲ್ಬೆರಳು ಮುಟ್ಟುವುದು ಇವತ್ತೇ ನಿಲ್ಲಿಸಿ. ಮುಂದಕ್ಕೆ ಬಾಗಿದಾಗ ಎಲುಬಿನ ಮುಂಭಾಗದ ಮೇಲೆ ಒತ್ತಡ ಬೀಳುತ್ತದೆ. ಆಸ್ಟಿಯೊಪೊರೋಸಿಸ್ ಇದ್ದ ಹೆಂಗಸರಲ್ಲಿ ಇಂಥ ವ್ಯಾಯಾಮ ಮಾಡಿದವರಿಗೆ ಹೊಸ ಕುಸಿತ ಜಾಸ್ತಿ ಆದದ್ದು 1984ರಷ್ಟು ಹಿಂದೆಯೇ ವರದಿಯಾಗಿದೆ. ಬೆನ್ನು ನೇರ ಮಾಡುವ, ಒಂಟಿ ಕಾಲಲ್ಲಿ ನಿಲ್ಲುವ ಆಸನ ಗೋಡೆ ಹಿಡಿದು ಮಾಡಿ. ವಾಕಿಂಗ್ ಬಿಡಬೇಡಿ. ಆದರೆ ನಡಿಗೆಯ ಹೊಡೆತ ಬಹಳ ಸಣ್ಣದು, ನಿಮ್ಮ ಮೂಳೆಗೆ ಅದು ಎಂದೋ ರೂಢಿಯಾಗಿಬಿಟ್ಟಿದೆ. ಹೊಸದಾಗಿ ಕಟ್ಟಲು ಅದಕ್ಕೆ ಭಾರ ಬೇಕು.

ಹಾಸನದವರೂ ಇದನ್ನು ಓದಿ. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ತೆಳುವಾದ 101 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆರಡು ಸಲ, ಅರ್ಧ ಗಂಟೆ, ತರಬೇತುದಾರರ ಕಣ್ಣೆದುರು ಭಾರವಾದ ತೂಕ ಎತ್ತಿತು. ಇನ್ನೊಂದು ಗುಂಪು ಮನೆಯಲ್ಲಿ ಹಗುರ ವ್ಯಾಯಾಮ ಮಾಡಿತು. ಎಂಟು ತಿಂಗಳಾದ ಮೇಲೆ ನೋಡಿದರೆ ತೂಕ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 3ರ ಹತ್ತಿರ ಏರಿತ್ತು, ಇನ್ನೊಂದು ಗುಂಪಿನವರದು 1ರಷ್ಟು ಇಳಿದಿತ್ತು. 2018ರಲ್ಲಿ ಪ್ರಕಟವಾಯಿತು. ಹಾಗಂತ ಅಕ್ಕೋರೆ, ನಾಳೆಯೇ ಜಿಮ್ಮಿಗೆ ಹೋಗಿ ಕಂಬಿ ಎತ್ತಬೇಡಿ, ನಿಮ್ಮ ಎಲುಬು ಈಗಾಗಲೇ ಕುಸಿದಿದೆ. ಫಿಸಿಯೊಥೆರಪಿಸ್ಟ್ ಹತ್ರ ಹೋಗಿ, ಕುರ್ಚಿಯಿಂದ ಕೈ ಊರದೆ ಏಳುವುದರಿಂದ ಶುರು ಮಾಡಿ. ಹಾಸನದವರು ಹೇಳಿಕೊಡುವವರ ಜೊತೆ ಧೈರ್ಯವಾಗಿ ತೂಕಕ್ಕೆ ಕೈ ಹಾಕಬಹುದು.

ಬಚ್ಚಲಲ್ಲಿ ಹಿಡಿಕಂಬಿ, ರಾತ್ರಿ ಎದ್ದಾಗ ಕಾಣುವಂತೆ ಒಂದು ಸಣ್ಣ ದೀಪ, ಕಾಲಿಗೆ ಸಿಕ್ಕುವ ಚಾಪೆ ಎತ್ತಿಡುವುದು, ಲಂಗವನ್ನು ಗಿಡ್ಡ ಮಾಡಿ ಹೊಲಿಸುವುದು. ಈ ನಾಲ್ಕು ಕೆಲಸ ಈ ವಾರವೇ ಆಗಲಿ.

ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅಪ್ಪನಿಗೆ 60, ಬೆನ್ನು ಕತ್ತು ತಿರುಗಿಸೋಕೆ ಆಗಲ್ಲ. ಸ್ಕ್ಯಾನ್‌ನಲ್ಲಿ ಮೂಳೆ ತುಂಬಾ ಗಟ್ಟಿ ಇದೆ ಅಂತ ಬಂತು. ಹಾಗಾದ್ರೆ ಭಯ ಇಲ್ವಾ? (ಪಾವಗಡ)

ಇದೆ. ಫ್ಲೋರೈಡ್ ಮೂಳೆಯ ಹರಳಿನೊಳಗೇ ಸೇರಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಬೆಳ್ಳಗೆ, ಡೆಕ್ಸಾದಲ್ಲಿ ಸಾಂದ್ರವಾಗಿ ಕಾಣುತ್ತದೆ. ಆದರೆ ಅದು ಒಳ್ಳೆಯ ಕಟ್ಟಡ ಅಲ್ಲ, ಪೆಡಸಾಗಿ ಬೇಗ ಮುರಿಯುತ್ತದೆ. ಎಲುಬುಗಳ ನಡುವಿನ ಪಟ್ಟಿಗಳೂ ಸುಣ್ಣ ಕಟ್ಟಿ ಬಿಗಿಯಾಗುತ್ತವೆ, ನಿಮ್ಮ ಅಪ್ಪನ ಕತ್ತು ತಿರುಗದಿರುವುದಕ್ಕೆ ಅದೇ ಕಾರಣ ಇರಬಹುದು. ಸ್ಕ್ಯಾನ್ ಓದುವ ಡಾಕ್ಟರಿಗೆ ಯಾವ ಊರಿನ ನೀರು ಕುಡಿದು ಬೆಳೆದಿರಿ ಅಂತ ನೀವೇ ಹೇಳಿ, ಅವರು ಕೇಳದೆ ಇರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ನೀರು ಅಥವಾ ಹಿಡಿದಿಟ್ಟ ಮಳೆನೀರು ಕುಡಿಯುವುದಕ್ಕೂ ಅಡುಗೆಗೂ ಬಳಸಿ. ಎಷ್ಟೋ ಮನೆಯಲ್ಲಿ ಕುಡಿಯೋಕೆ ಕ್ಯಾನ್ ನೀರು, ಮುದ್ದೆ ಸಾರಿಗೆ ಬೋರ್ ನೀರು! ಹಾಲು ಮೊಸರು ಸಾಕಷ್ಟು ಸಿಗುವ ಮಕ್ಕಳಲ್ಲಿ ಫ್ಲೋರೈಡ್ ಹೀರಿಕೊಳ್ಳುವುದು ಕಡಿಮೆ, ಆದ್ದರಿಂದ ಮಕ್ಕಳಿಗೆ ಮೊದಲು.

ನಮ್ಮ ಕಡೆ ಹಂದಿಗೋಡು ಕಾಯಿಲೆ ಅಂತ ಇದೆ. ಅದೂ ಕ್ಯಾಲ್ಸಿಯಂ ಕೊರತೆಯಾ? (ಸಾಗರ)

ಅಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಅದು ಬೆಳಕಿಗೆ ಬಂದಾಗ ಜನ ಗದ್ದೆಯ ಏಡಿ, ಕೀಟನಾಶಕ ಅಂತ ಅನುಮಾನಪಟ್ಟರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಸೊಂಟದ ಕೀಲು, ಮಂಡಿ ಹಾಳಾಗಿ ನಡೆಯಲಾಗದ ಸ್ಥಿತಿ, ಕೆಲವರಲ್ಲಿ ಕುಳ್ಳತನ, ಅದೂ ಕೆಲವೇ ದಲಿತ ಕುಟುಂಬಗಳಲ್ಲಿ. ಮುಂದೆ ಅಧ್ಯಯನ ಮಾಡಿದವರು ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರುವ, ಮೂಳೆ ಬೆಳವಣಿಗೆಯ ವಂಶದ ಕಾಯಿಲೆ ಅಂತ ಗುರುತಿಸಿದರು. ಇಲ್ಲಿ ಜೀನ್‌ನದ್ದೇ ಮೇಲುಗೈ. ರಾಗಿ, ಹಾಲು ಕೊಟ್ಟು ತಡೆಯುವಂಥದ್ದಲ್ಲ. ಆ ಕುಟುಂಬಗಳಿಗೆ ಬೇಕಿರುವುದು ಕೀಲಿನ ಶಸ್ತ್ರಚಿಕಿತ್ಸೆ, ಪಿಂಚಣಿ, ಮಕ್ಕಳಾಗುವ ಮುಂಚೆ ಸರಿಯಾದ ಸಲಹೆ.

ಬಾಣಂತಿ. ಹಾಲು ಕುಡಿಸಿದ್ರೆ ನನ್ನ ಮೂಳೆ ಸವೆಯುತ್ತೆ ಅಂತ ಅತ್ತೆ ದಿನಾ ಸುಣ್ಣ ಹಚ್ಚಿದ ಎಲೆ ಅಡಿಕೆ ಕೊಡ್ತಾರೆ. (ಪುತ್ತೂರು)

ಅತ್ತೆಯ ಮಾತಿನಲ್ಲಿ ಹುರುಳಿದೆ. ಹಾಲೂಡಿಸುವ ತಿಂಗಳುಗಳಲ್ಲಿ ಮೂಳೆ ಸಾಂದ್ರತೆ ಶೇಕಡಾ 3ರಿಂದ 5ರಷ್ಟು ಇಳಿಯುತ್ತದೆ. ಆದರೆ ಮಗು ಹಾಲು ಬಿಟ್ಟ ಮೇಲೆ ಮತ್ತೆ ತುಂಬಿಕೊಳ್ಳುತ್ತದೆ, ಆದ್ದರಿಂದ ಹೆದರಿ ಎದೆಹಾಲು ನಿಲ್ಲಿಸಬೇಡಿ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದೂ ನಿಜ. ತೊಂದರೆ ಇರುವುದು ಅಡಿಕೆಯಲ್ಲಿ, ಅದು ಬಾಯಿ ಕ್ಯಾನ್ಸರ್ ತರುತ್ತದೆ. ಅಡಿಕೆ ಬೆಳೆಯುವ ಊರಿನವರಿಗೆ ಇದನ್ನು ಹೇಳಿ ಬೈಗುಳ ತಿನ್ನಲು ನಾನು ಸಿದ್ಧ. ಆಸ್ಪತ್ರೆಯಲ್ಲಿ ಕೊಟ್ಟ ಕ್ಯಾಲ್ಸಿಯಂ ಮಾತ್ರೆ ಊಟದ ಜೊತೆ ತಗೊಳ್ಳಿ. ಕಬ್ಬಿಣದ ಮಾತ್ರೆ ಬೇರೆ ಹೊತ್ತಿಗೆ, ಎರಡೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮಾತ್ರೆಯ ಮೇಲೆ "ಕ್ಯಾಲ್ಸಿಯಂ ಕಾರ್ಬೊನೇಟ್ 1250" ಅಂತಿದ್ದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿಲಿಗ್ರಾಂ, ಗಾಬರಿ ಬೇಡ.

ಗಂಡಸರಿಗೂ ಮೂಳೆ ಟೊಳ್ಳಾಗುತ್ತಾ? ನನಗೆ 58, ಸಂಧಿವಾತಕ್ಕೆ ಒಬ್ಬರ ಹತ್ರ ನಾಟಿ ಪುಡಿ ತಗೊಳ್ತಿದ್ದೀನಿ. ನೋವು ಮಂತ್ರ ಹಾಕಿದಂಗೆ ಹೋಯ್ತು. ಮುಖ ಮಾತ್ರ ಊದಿದೆ. (ಕಲಬುರಗಿ)

ಯಜಮಾನರೇ, ನೋವು ಅಷ್ಟು ಬೇಗ ಹೋಗಿ ಮುಖ ಊದಿದೆ ಅಂದರೆ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರುವ ಅನುಮಾನ ನನಗೆ ಬಲವಾಗಿದೆ. ಮೂರು ತಿಂಗಳಿಗಿಂತ ಜಾಸ್ತಿ ಸ್ಟಿರಾಯ್ಡ್ ತಿಂದರೆ ಗಂಡು ಹೆಣ್ಣು ಅನ್ನದೆ ಮೂಳೆ ಟೊಳ್ಳಾಗುತ್ತದೆ. ಆದರೆ ನಾಳೆಯಿಂದ ಒಮ್ಮೆಗೇ ನಿಲ್ಲಿಸಲೂಬೇಡಿ. ಬಹಳ ದಿನ ತಿಂದವರಿಗೆ ಹಾಗೆ ನಿಲ್ಲಿಸಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಪುಡಿಯನ್ನೂ ಕೈಯಲ್ಲಿ ಹಿಡಿದುಕೊಂಡು ಈ ವಾರವೇ ಫಿಜಿಶಿಯನ್ ಹತ್ರ ಹೋಗಿ, ಅವರು ಇಳಿಸುವ ಕ್ರಮ ಹೇಳುತ್ತಾರೆ. ಬೀಡಿ, ಕುಡಿತ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಎರಡೂ ಮೂಳೆ ತಿನ್ನುತ್ತವೆ.

ಮೂಳೆ ಮುರಿದವರಿಗೆ ಮಟನ್ ಕಾಲು ಸೂಪ್ ಕೊಟ್ರೆ ಬೇಗ ಕೂಡುತ್ತಂತೆ, ಹೌದಾ? (ದಾವಣಗೆರೆ)

ಮೂಳೆಯನ್ನು ಎಷ್ಟು ಹೊತ್ತು ಕುದಿಸಿದರೂ ಕ್ಯಾಲ್ಸಿಯಂ ನೀರಿಗೆ ಬಿಡುವುದು ತೀರಾ ಕಡಿಮೆ. ಒಂದು ಲೋಟ ಮಜ್ಜಿಗೆಯಲ್ಲೇ ಅದಕ್ಕಿಂತ ಜಾಸ್ತಿ ಇರುತ್ತದೆ. ಮೆಣಸು ಹಾಕಿ ಬಿಸಿಬಿಸಿ ಕುಡಿದರೆ ಬಾಯಿಗೆ ಹಿತ, ಕುಡಿಯಲಿ ಬಿಡಿ. ಜೊತೆಗೆ ಎರಡು ಮೊಟ್ಟೆಯನ್ನೂ ಕೊಡಿ.